ಸರ್ಕಾರಿ ಅಧಿಕಾರಿಗಳಿಗೆ ಜನರ ಜೊತೆ ಸೇರಿ ಕಾಡು, ನೀರು, ಹುಲ್ಲುಗಾವಲು ನೋಡ್ಕೊಳ್ಳೋದನ್ನ ಕಲಿಸೋದು ಹೇಗೆ: ಸಮಗ್ರ ಮಾರ್ಗದರ್ಶಿ

ಅರಣ್ಯ, ನೀರಾವರಿ, ಮೀನುಗಾರಿಕೆ, ವನ್ಯಜೀವಿ, ಯಾವ ಇಲಾಖೆಯೇ ಆಗ್ಲಿ, ಅಲ್ಲಿನ ಅಧಿಕಾರಿಗಳಿಗೆ ಸಹಭಾಗಿತ್ವದ ಮೇಲೆ ಟ್ರೈನಿಂಗ್ ಕೊಡಿ ಅಂತ ನಿಮಗೆ ಜವಾಬ್ದಾರಿ ಬಂದಿದ್ರೆ ಇದು ನಿಮಗೇ ಬರೆದಿರೋದು. ಸ್ವಲ್ಪ ಉದ್ದ ಇದೆ, ಆದ್ರೂ ಪೂರ್ತಿ ಓದಿ, ಯಾಕಂದ್ರೆ ಈ ಟ್ರೈನಿಂಗ್ ಹಳ್ಳ ಹಿಡಿಯೋದು ಹಾಲ್ ಒಳಗಲ್ಲ, ಹಾಲಿಗೆ ಬರೋ ಮುಂಚೆ ಮತ್ತೆ ಹಾಲಿಂದ ಹೋದ ಮೇಲೆ.

ನಾನು ಶುರುವಲ್ಲಿ ನಡೆಸಿದ ಒಂದು ಟ್ರೈನಿಂಗ್ ಬಗ್ಗೆ ಹೇಳ್ತೀನಿ. ಮೂರು ದಿನ, ಸ್ಲೈಡುಗಳು, ಗ್ರೂಪ್ ಡಿಸ್ಕಷನ್, ಕೊನೆಗೆ ಸರ್ಟಿಫಿಕೇಟು, ಫೀಡ್‌ಬ್ಯಾಕ್ ಫಾರಂನಲ್ಲಿ ಎಲ್ರೂ ಚೆನ್ನಾಗಿತ್ತು ಅಂತಲೇ ಬರೆದಿದ್ರು. ನಾಲ್ಕು ತಿಂಗಳಾದ್ಮೇಲೆ ಅದೇ ಬ್ಯಾಚಿನ ಒಬ್ಬ ಅಧಿಕಾರಿ ಕರೆದಿದ್ದ ಸಭೆಗೆ ಹೋಗಿ ಹಿಂದೆ ಕೂತೆ. ಪ್ಲಾನು ಆಗ್ಲೇ ಪ್ರಿಂಟ್ ಆಗಿತ್ತು, ನಕ್ಷೆ ಮೇಲೆ ಸಹಿ ಬಿದ್ದಿತ್ತು, ಅವ್ರು ಮೈಕ್ ಹಿಡಿದು "ನಿಮ್ಮ ಅಭಿಪ್ರಾಯ ನಮಗೆ ಬಹಳ ಮುಖ್ಯ" ಅಂತ ಶುರು ಮಾಡಿದ್ರು. ಹಿಂದಿನ ಸಾಲಿಂದ ಒಬ್ರು ಅಜ್ಜಿ ಎದ್ದು ನಿಂತು "ಬೇಲಿ ಕಂಬ ನಿನ್ನೇನೇ ತಂದು ಇಳಿಸಿದ್ದೀರಲ್ಲ ಸಾರ್, ಈಗ ನಾವೇನ್ ಹೇಳ್ಬೇಕು" ಅಂತ ಕೇಳಿದ್ರು. ಅಧಿಕಾರಿ ಹತ್ರ ಉತ್ತರ ಇರ್ಲಿಲ್ಲ. ಅವ್ರು ಕೆಟ್ಟ ಮನುಷ್ಯ ಅಲ್ಲ, ಟ್ರೈನಿಂಗಲ್ಲಿ ಎಲ್ಲರಿಗಿಂತ ಆಸಕ್ತಿಯಿಂದ ಕೂತಿದ್ದವ್ರು. ಜನರ ಮಾತು ಕೇಳಿ ಅಂತ ನಾವು ಹೇಳ್ಕೊಟ್ಟಿದ್ವಿ, ಆದ್ರೆ ಯಾವ ನಿರ್ಧಾರ ಇನ್ನೂ ಆಗಿಲ್ಲ, ಯಾವುದು ಆಗಿ ಹೋಗಿದೆ ಅಂತ ಮೊದಲ ಮಾತಲ್ಲೇ ಹೇಳ್ಬೇಕು ಅನ್ನೋದನ್ನ ಹೇಳ್ಕೊಟ್ಟೇ ಇರ್ಲಿಲ್ಲ. ಆವತ್ತಿಂದ ನನ್ನ ಟ್ರೈನಿಂಗ್ ಪೂರ್ತಿ ಆ ಒಂದು ವಿಷ್ಯದ ಸುತ್ತಾನೇ ಕಟ್ತಾ ಬಂದಿದ್ದೀನಿ.

ಮೊದಲನೇ ಹೆಜ್ಜೆ: ಟ್ರೈನಿಂಗಿಗೆ ಮುಂಚೆ ಎರಡು ಮೂರು ವಾರದ ಕೆಲಸ

ಸ್ಲೈಡ್ ಮಾಡೋಕೆ ಕೂರೋ ಮುಂಚೆ ಜನರನ್ನ ಮಾತಾಡ್ಸಿ. ಬರೋ ಅಧಿಕಾರಿಗಳಲ್ಲಿ ಐದಾರು ಜನ, ಅವರ ಮೇಲಿನವರಲ್ಲಿ ಒಬ್ರಿಬ್ರು, ಮತ್ತೆ ಮರೀಬೇಡಿ, ಅವರ ವ್ಯಾಪ್ತಿಯಲ್ಲಿ ಬದುಕ್ತಿರೋ ರೈತರು, ಮೀನು ಹಿಡಿಯೋರು, ದನ ಕುರಿ ಮೇಯಿಸೋರು, ಸೌದೆ ತರೋ ಹೆಂಗಸರು. ಈ ಮೂರನೇ ಗುಂಪನ್ನ ಬಿಟ್ಟು ಮಾಡಿದ ಟ್ರೈನಿಂಗ್ ಕೇಳೋಕೆ ಚೆನ್ನಾಗಿರತ್ತೆ, ಆಚೆ ಹೋದ್ರೆ ಕೆಲಸಕ್ಕೆ ಬರಲ್ಲ.

ಅಧಿಕಾರಿಗಳ ಹತ್ರ "ಸಹಭಾಗಿತ್ವದ ಬಗ್ಗೆ ಏನು ಕಲೀಬೇಕು ಅಂತ ಇದ್ದೀರಿ" ಅಂತ ಕೇಳಿದ್ರೆ ಪುಸ್ತಕದ ಉತ್ತರ ಬರತ್ತೆ. ಅದರ ಬದಲು "ನಿಮ್ಮನ್ನ ರಾತ್ರಿ ನಿದ್ದೆ ಮಾಡೋಕೆ ಬಿಡದ ಒಂದು ಜಗಳ ಹೇಳಿ" ಅಂತ ಕೇಳಿ. ಆಗ ನಿಜವಾದ್ದು ಆಚೆ ಬರತ್ತೆ. ಒಬ್ರು ಒತ್ತುವರಿ ಅಂತಾರೆ, ಒಬ್ರು ನಾಲೆಯ ಕೊನೆಗೆ ನೀರು ಹೋಗಲ್ಲ ಅಂತಾರೆ, ಇನ್ನೊಬ್ರು ಮೊಟ್ಟೆ ಇಡೋ ಕಾಲದಲ್ಲಿ ಮೀನು ಹಿಡಿಯೋದು ನಿಲ್ಸೋಕೆ ಆಗ್ತಿಲ್ಲ ಅಂತಾರೆ. ಪ್ರತಿಯೊಬ್ರೂ ಇಂಥ ಒಂದು ಜೀವಂತ ಸಮಸ್ಯೆನ ಒಂದು ಪುಟದಲ್ಲಿ ಬರ್ಕೊಂಡು ಬರ್ಬೇಕು ಅಂತ ಮೊದ್ಲೇ ಹೇಳಿಬಿಡಿ, ಟ್ರೈನಿಂಗಿನ ಎಲ್ಲಾ ಅಭ್ಯಾಸನೂ ಅದೇ ಪುಟದ ಮೇಲೆ ನಡೀಬೇಕು.

ಹಾಗೇ ಅವರ ಭಯ ಏನು ಅಂತ ತಿಳ್ಕೊಳ್ಳಿ. ನಾನು ಕೇಳಿದ ಭಯಗಳು ಹೆಚ್ಚುಕಮ್ಮಿ ಇವೇ: ಜನಕ್ಕೆ ಬಿಟ್ಟುಕೊಟ್ರೆ ನಾಳೆ ಕಾಡು ಹಾಳಾದಾಗ ಆಡಿಟ್‌ನಲ್ಲಿ ನನ್ನನ್ನೇ ಕೇಳ್ತಾರೆ, ಸಭೆ ಕರೆದ್ರೆ ಗಲಾಟೆ ಆಗತ್ತೆ, ಟಾರ್ಗೆಟ್ ಮುಗಿಸೋಕೇ ಟೈಮಿಲ್ಲ, ಜನರ ಹಿಂದೆ ಬೇರೆ ಯಾರೋ ಇರ್ತಾರೆ. ಇವನ್ನ ಮನೋಭಾವದ ಸಮಸ್ಯೆ ಅಂತ ತಳ್ಳಿಹಾಕ್ಬೇಡಿ. ಕಾನೂನು ಪ್ರಕಾರ ಹೊಣೆ ಅವರ ಹೆಗಲ ಮೇಲೇ ಇರತ್ತೆ, ಅದು ನಿಜವಾದ ಭಯ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋದ್ರೆ ಅವ್ರು ನಗ್ತಾ ತಲೆ ಆಡಿಸ್ತಾರೆ ಅಷ್ಟೇ.

ಯಾರನ್ನ ಕರೀಬೇಕು

20ರಿಂದ 25 ಜನ ಸಾಕು, ಅದಕ್ಕಿಂತ ಹೆಚ್ಚಾದ್ರೆ ಅಭ್ಯಾಸ ಮಾಡ್ಸೋಕೆ ಆಗಲ್ಲ, ಭಾಷಣ ಆಗತ್ತೆ. ಒಂದು ಕಚೇರಿಯಿಂದ ಒಬ್ರನ್ನೇ ಕರೀಬೇಡಿ, ಮೂರು ನಾಲ್ಕು ಜನರ ತಂಡವಾಗಿ ಕರೀರಿ, ಒಬ್ರೇ ಕಲ್ತು ವಾಪಸ್ ಹೋದ್ರೆ ಹಳೇ ಪದ್ಧತಿ ಒಂದೇ ವಾರದಲ್ಲಿ ಅವರನ್ನ ನುಂಗಿಬಿಡತ್ತೆ. ಫೀಲ್ಡಲ್ಲಿ ಓಡಾಡೋ ಸಿಬ್ಬಂದಿ ಖಂಡಿತ ಇರ್ಬೇಕು, ಜನರ ಕಣ್ಣಿಗೆ ಸರ್ಕಾರ ಅಂದ್ರೆ ದಿನಾ ಸಿಗೋ ಗಾರ್ಡು, ನೀರು ಬಿಡೋ ನೌಕರ, ಮೇಲಿನ ಸಾಹೇಬ್ರಲ್ಲ.

ಆದ್ರೆ ಒಂದು ತೊಂದ್ರೆ ಇದೆ. ಮೇಲಿನ ಅಧಿಕಾರಿ, ಕೆಳಗಿನವ್ರು ಒಂದೇ ರೂಮಲ್ಲಿ ಕೂತ್ರೆ ಕೆಳಗಿನವ್ರು ಬಾಯಿ ಬಿಡಲ್ಲ. ನಾನು ಮೊದಲ ಎರಡು ದಿನ ಬೇರೆ ಬೇರೆ ಕೂರಿಸಿ ಮೂರನೇ ದಿನದಿಂದ ಒಟ್ಟಿಗೆ ಸೇರಿಸ್ತೀನಿ. ಜನರ ಕಡೆಯಿಂದ ನಾಲ್ಕೈದು ಜನ ಟ್ರೈನರ್ ಆಗೇ ಇರ್ಬೇಕು, ಅತಿಥಿ ಅಂತ ಕರೆದು ಒಂದು ಮಾತಾಡ್ಸಿ ಕಳ್ಸೋದಲ್ಲ, ಅವರಿಗೂ ಉಳಿದ ಟ್ರೈನರ್‌ಗಳಿಗೆ ಕೊಡೋ ಗೌರವಧನನೇ ಕೊಡಿ, ಅವ್ರು ದಿನದ ದುಡಿಮೆ ಬಿಟ್ಟು ಬಂದಿರ್ತಾರೆ.

ಒಟ್ಟು ಐದು ದಿನ ಸಿಕ್ರೆ ಒಳ್ಳೇದು. ಎರಡೇ ದಿನ ಕೊಟ್ರೆ ಈ ಕೆಳಗೆ ಹೇಳೋ ಹಾಳೆ ಅಭ್ಯಾಸ ಮತ್ತೆ ರೋಲ್ ಪ್ಲೇ (ಪಾತ್ರ ಹಾಕ್ಕೊಂಡು ಆಡೋದು) ಎರಡನ್ನ ಮಾತ್ರ ಮಾಡಿ, ಉಳಿದಿದ್ದನ್ನ ಬಿಡಿ.

ಮೊದಲ ದಿನ ಬೆಳಿಗ್ಗೆ: ಒಂದು ಗಂಟೆಯಷ್ಟೇ ಹಿನ್ನೆಲೆ

ಥಿಯರಿ ಬೇಕು, ಆದ್ರೆ ಒಂದು ಗಂಟೆ ಮೀರ್ಬಾರ್ದು. ಅಧಿಕಾರಿಗಳ ತಲೇಲಿ ಕೂತಿರೋ ಒಂದು ನಂಬಿಕೆಯಿಂದ ಶುರು ಮಾಡಿ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಪ್ರಬಂಧ ಬರೆದ್ರು, ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಒಂದೊಂದು ದನ ಹೆಚ್ಚಿಗೆ ಬಿಡ್ತಾ ಹೋಗ್ತಾನೆ, ಕೊನೆಗೆ ಹುಲ್ಲುಗಾವಲೇ ಹಾಳಾಗತ್ತೆ, ಹಾಗಾಗಿ ಸರ್ಕಾರ ಕೈಗೆ ತಗೋಬೇಕು ಇಲ್ಲಾ ಖಾಸಗಿ ಮಾಡ್ಬೇಕು ಅನ್ನೋ ವಾದ. ಪ್ರಪಂಚದ ಎಷ್ಟೋ ಇಲಾಖೆಗಳು ಇದೇ ನಂಬಿಕೆ ಮೇಲೆ ನಡೀತಾ ಬಂದಿವೆ. ಎಲಿನಾರ್ ಆಸ್ಟ್ರಂ ಅನ್ನೋ ಅಮೆರಿಕದ ಸಂಶೋಧಕಿ ಅದನ್ನ ಫೀಲ್ಡಲ್ಲಿ ಪರೀಕ್ಷೆ ಮಾಡಿ ನೋಡಿದ್ರು. ಜನರೇ ನಿಯಮ ಮಾಡ್ಕೊಂಡು ನೂರಾರು ವರ್ಷ ಉಳಿಸ್ಕೊಂಡ ಜಾಗಗಳು ಬೇಕಾದಷ್ಟಿವೆ ಅಂತ ತೋರ್ಸಿ, ಅಂಥ ಕಡೆ ಸಾಮಾನ್ಯವಾಗಿ ಕಾಣೋ 8 ಸೂತ್ರಗಳನ್ನ 1990ರಲ್ಲಿ ಪಟ್ಟಿ ಮಾಡಿದ್ರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವ್ರು.

8 ಸೂತ್ರನೂ ಓದಿ ಹೇಳ್ಬೇಡಿ, ಒಂದು ಉದಾಹರಣೆ ಸಾಕು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನೋ ಬೆಟ್ಟದ ಹಳ್ಳಿಯಲ್ಲಿ 1517ರ ಒಂದು ನಿಯಮ ಇದೆ: ಚಳಿಗಾಲದಲ್ಲಿ ನಿನ್ನ ಕೊಟ್ಟಿಗೆಯಲ್ಲಿ ಎಷ್ಟು ಹಸು ಮೇವು ಹಾಕಿ ಸಾಕಬಲ್ಲೆಯೋ ಅದಕ್ಕಿಂತ ಹೆಚ್ಚು ಹಸುನ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಂಗಿಲ್ಲ. ಇದನ್ನ ಬೋರ್ಡ್ ಮೇಲೆ ಬರೆದು "ಈ ನಿಯಮದಲ್ಲಿ ಏನು ಜಾಣತನ ಇದೆ" ಅಂತ ಕೇಳಿ ಸುಮ್ನೆ ನಿಂತ್ಕೊಳ್ಳಿ. ಯಾರಾದ್ರೂ ಹೇಳ್ತಾರೆ, ಎಣಿಸೋದು ಸುಲಭ. ಇನ್ನೊಬ್ರು ಹೇಳ್ತಾರೆ, ಪಕ್ಕದ ಮನೆಯವ್ನೇ ಹಿಡೀಬಹುದು, ಇನ್ಸ್‌ಪೆಕ್ಟರ್ ಬೇಡ. ಮತ್ತೊಬ್ರು, ಮೇವು ಬೆಳೆಯೋ ಅಳತೆಗೇ ದನದ ಅಳತೆ ಕೂತ್ಕೊಳ್ಳತ್ತೆ ಅಂತಾರೆ. ಕಚೇರಿಯಲ್ಲಿ ಕೂತು ಇಂಥ ನಿಯಮ ಬರೆಯೋಕೆ ಆಗ್ತಿತ್ತಾ ಅಂತ ಅವ್ರೇ ಯೋಚ್ನೆ ಮಾಡ್ತಾರೆ, ನೀವು ಏನೂ ಹೇಳ್ಬೇಕಿಲ್ಲ.

ಆಮೇಲೆ ಅಧಿಕಾರಿಗಳದ್ದೇ ಕಥೆ ಹೇಳಿ, ಇದು ತುಂಬಾ ಕೆಲಸ ಮಾಡತ್ತೆ. 1970ರ ದಶಕದ ಶುರುವಲ್ಲಿ ಪಶ್ಚಿಮ ಬಂಗಾಳದ ಮಿಡ್ನಾಪುರದ ಅರಬಾರಿಯಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಅನ್ನೋ ಅರಣ್ಯಾಧಿಕಾರಿ ಸುತ್ತಲಿನ 11 ಹಳ್ಳಿಯವರ ಜೊತೆ ಕೂತು, ನೀವು ಕಾಡು ಕಾಯಿರಿ, ಇಲ್ಲಿ ಕೂಲಿ ಕೆಲಸ ಸಿಗತ್ತೆ, ಮುಂದೆ ಮರ ಕಡಿದಾಗ ನಿಮಗೂ ಪಾಲು ಸಿಗತ್ತೆ ಅಂತ ಒಪ್ಪಂದಕ್ಕೆ ಬಂದ್ರು. ಬೋಳಾಗಿದ್ದ ಸಾಲ್ ಮರದ ಕಾಡು ಬುಡದಿಂದ ಮತ್ತೆ ಚಿಗುರ್ತು. ಭಾರತ ಸರ್ಕಾರ 1990ರ ಜೂನ್ 1ರಂದು ಹೊರಡಿಸಿದ ಜಂಟಿ ಅರಣ್ಯ ನಿರ್ವಹಣೆ ಸುತ್ತೋಲೆಗೆ ಇಂಥ ಅನುಭವಗಳೇ ದಾರಿ ಮಾಡಿದ್ದು. ಅಂದ್ರೆ ಇದು ಹೊರಗಿನಿಂದ ಯಾರೋ ಬಂದು ಇಲಾಖೆ ತಲೆಗೆ ಕಟ್ಟಿದ್ದಲ್ಲ, ಖಾಕಿ ಹಾಕ್ಕೊಂಡವರೇ ಶುರು ಮಾಡಿದ್ದು.

ನೇಪಾಳದ್ದೂ ಹೇಳಿ. ಅಲ್ಲಿನ 1988ರ ಅರಣ್ಯ ಮಾಸ್ಟರ್ ಪ್ಲಾನಲ್ಲೇ ಇಲಾಖೆ ಸಿಬ್ಬಂದಿಯನ್ನ ಪೂರ್ತಿಯಾಗಿ ಸಲಹೆಗಾರರ ಪಾತ್ರಕ್ಕೆ ಮರುತರಬೇತಿ ಮಾಡ್ಬೇಕು ಅಂತ ಬರೆದಿದ್ರು, 1993ರ ಅರಣ್ಯ ಕಾಯಿದೆ ಕಾಡು ಬಳಸೋ ಊರವರ ಗುಂಪುಗಳಿಗೆ ಕಾನೂನಿನ ಹಕ್ಕು ಕೊಡ್ತು, ಈಗ 20 ಸಾವಿರಕ್ಕೂ ಹೆಚ್ಚು ಗುಂಪುಗಳಿವೆ. ಟ್ರೈನಿಂಗು, ಕಾನೂನು ಎರಡೂ ಕೈ ಕೈ ಹಿಡ್ಕೊಂಡು ಬಂದ್ವು ಅನ್ನೋದನ್ನ ಗಮನಿಸೋಕೆ ಹೇಳಿ.

ಎರಡನೇ ಹೆಜ್ಜೆ: ಮೂರು ಕಾಲಂನ ಹಾಳೆ

ಇದು ಇಡೀ ಟ್ರೈನಿಂಗಿನ ಬೆನ್ನೆಲುಬು, ಕನಿಷ್ಠ ಅರ್ಧ ದಿನ ಇಟ್ಕೊಳ್ಳಿ.

ಪ್ರತಿಯೊಬ್ರಿಗೂ ಒಂದು ದೊಡ್ಡ ಹಾಳೆ, ಮೂರು ಕಾಲಂ. ಮೊದಲನೇದು, ಆಗಿ ಹೋಗಿರೋದು: ಕಾನೂನು, ಕೋರ್ಟ್ ಆದೇಶ, ಮೇಲಿನ ಆದೇಶದಿಂದ ಬದಲಾಯಿಸೋಕೆ ಆಗದೇ ಇರೋದು. ಎರಡನೇದು, ನಾನೇ ನಿರ್ಧಾರ ಮಾಡ್ತೀನಿ, ಆದ್ರೆ ಜನರ ಮಾತಿಂದ ಬದಲಾಗಬಹುದು. ಮೂರನೇದು, ಒಟ್ಟಿಗೆ ಕೂತು ನಿರ್ಧಾರ ಮಾಡೋದು. ಅವ್ರು ತಂದಿರೋ ಜಗಳದ ಪುಟದಲ್ಲಿ ಎಷ್ಟು ನಿರ್ಧಾರಗಳಿವೆಯೋ ಅಷ್ಟನ್ನೂ ಒಂದೊಂದಾಗಿ ಈ ಕಾಲಂಗಳಿಗೆ ಹಾಕ್ಬೇಕು.

ಮೊದಲ ಸುತ್ತಲ್ಲಿ ಎಲ್ಲಾನೂ ಮೊದಲ ಕಾಲಂಗೆ ಹೋಗಿ ಬೀಳತ್ತೆ. ಆಗ ನೀವು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳ್ತಾ ಹೋಗಿ: ಇದನ್ನ ಬದಲಾಯಿಸೋಕೆ ಆಗಲ್ಲ ಅಂತ ಎಲ್ಲಿ ಬರೆದಿದೆ, ತೋರ್ಸಿ. ಒಬ್ರು ಅಧಿಕಾರಿ ಜೊತೆ ನಾನು ಹೀಗೇ ಕೂತಿದ್ದೆ, ಅವರ ಹಾಳೆಯಲ್ಲಿ ಹುಲ್ಲು ಕೊಯ್ಯೋಕೆ ಬಿಡೋ ತಿಂಗಳು ಅನ್ನೋದು ಮೊದಲ ಕಾಲಂನಲ್ಲಿತ್ತು. ಫೋನಲ್ಲಿ ವರ್ಕಿಂಗ್ ಪ್ಲಾನ್ (ಆ ಕಾಡಿನಲ್ಲಿ ಏನೇನು ಮಾಡ್ಬೇಕು ಅಂತ ಇಲಾಖೆ ಬರೆದಿಟ್ಟ ಯೋಜನೆ) ತೆಗೆದು ಹತ್ತು ನಿಮಿಷ ಹುಡುಕಿದ್ರು. ಅದರಲ್ಲಿ ಹುಲ್ಲು ಕೊಯ್ಯೋಕೆ ಅವಕಾಶ ಕೊಡಬಹುದು ಅಂತ ಇತ್ತು, ಯಾವ ತಿಂಗಳು ಅಂತ ಇರ್ಲೇ ಇಲ್ಲ. ಹಿಂದಿನವ್ರು ಮಾಡ್ತಿದ್ರು ಅಂತ ಇವ್ರೂ ಅದೇ ತಿಂಗಳು ಬಿಡ್ತಿದ್ರು. ಪೆನ್ಸಿಲ್ ತಗೊಂಡು ನಿಧಾನಕ್ಕೆ ಆ ಸಾಲನ್ನ ಹೊಡೆದು ಮೂರನೇ ಕಾಲಂನಲ್ಲಿ ಬರೆದ್ರು, ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಕೂತ್ರು. ಆ ಕ್ಷಣ ಒಂದು ಬ್ಯಾಚಲ್ಲಿ ನಾಲ್ಕೈದು ಜನಕ್ಕೆ ಬಂದ್ರೂ ಟ್ರೈನಿಂಗ್ ಗೆದ್ದ ಹಾಗೆ.

ಉಲ್ಟಾ ತಪ್ಪೂ ಆಗತ್ತೆ. ಕೆಲವು ಉತ್ಸಾಹಿಗಳು ತಮ್ಮ ಕೈಲಿ ಇಲ್ಲದೇ ಇರೋದನ್ನೂ ಮೂರನೇ ಕಾಲಂಗೆ ಹಾಕ್ತಾರೆ, ಮೇಲಿನವರ ಸಹಿ ಬೇಕಾಗಿರೋ ದುಡ್ಡು, ಗಡಿ ಬದಲಾವಣೆ ಇಂಥದ್ದು. ಇದು ಮೊದಲನೇದಕ್ಕಿಂತ ಅಪಾಯ. ಮಾತು ಕೊಟ್ಟು ತಪ್ಪಿದ ಅಧಿಕಾರಿಗಿಂತ, ಇದು ನನ್ನ ಕೈಲಿಲ್ಲ ಅಂತ ನೇರವಾಗಿ ಹೇಳಿದ ಅಧಿಕಾರಿನ ಜನ ಹೆಚ್ಚು ನಂಬ್ತಾರೆ.

ಕಾನೂನೇ ಜನರಿಗೆ ಕೊಟ್ಟಿರೋದನ್ನ ಅಧಿಕಾರಿ ತನ್ನ ಔದಾರ್ಯ ಅಂತ ಬರ್ಕೊಳ್ಳೋದೂ ಉಂಟು. ಭಾರತದ 2006ರ ಅರಣ್ಯ ಹಕ್ಕು ಕಾಯಿದೆ ಪ್ರಕಾರ ಹಕ್ಕು ಗುರುತಿಸೋ ಪ್ರಕ್ರಿಯೆ ಶುರು ಮಾಡೋ ಅಧಿಕಾರ ಗ್ರಾಮಸಭೆಯದ್ದು, ಇಲಾಖೆ ಅದನ್ನ ಕೊಡೋದು ಬಿಡೋದು ಅನ್ನೋ ಮಾತೇ ಇಲ್ಲ. ಮೂಲನಿವಾಸಿಗಳ ನೆಲದಲ್ಲಿ ಅವರ ಮುಕ್ತ, ಪೂರ್ವಭಾವಿ, ತಿಳುವಳಿಕೆಯ ಒಪ್ಪಿಗೆ, ಅಂದ್ರೆ ಒತ್ತಡ ಇಲ್ಲದೆ, ಕೆಲಸ ಶುರುವಾಗೋ ಮುಂಚೆನೇ, ಎಲ್ಲಾ ತಿಳಿಸಿ ಪಡೆಯೋ ಒಪ್ಪಿಗೆ ಪಡೀಬೇಕು ಅನ್ನೋದು 2007ರ ವಿಶ್ವಸಂಸ್ಥೆ ಘೋಷಣೆಯಲ್ಲೇ ಇದೆ. ಹಾಗಾಗಿ ಹಾಳೆ ಪಕ್ಕದಲ್ಲಿ ಒಂದು ಸಣ್ಣ ಗುರುತು ಹಾಕ್ಸಿ, ಇದು ಜನರ ಹಕ್ಕು ಅಂತ.

ಇಲ್ಲೇ ಷೆರ್ರಿ ಆರ್ನ್‌ಸ್ಟೀನ್ ಅವರ ಏಣಿ ತೋರಿಸಬಹುದು. 1969ರಲ್ಲಿ ಅವ್ರು ಜನರ ಪಾಲ್ಗೊಳ್ಳುವಿಕೆನ 8 ಮೆಟ್ಟಿಲಿನ ಏಣಿ ಅಂತ ವಿವರಿಸಿದ್ರು, ಕೆಳಗಿನ ಎರಡು ಮೆಟ್ಟಿಲು ಬರೀ ಕಣ್ಣೊರೆಸೋದು, ನಡುವಿನವು ತಿಳಿಸೋದು ಕೇಳೋದು ಸಮಾಧಾನ ಮಾಡೋದು, ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗ್ಲೂ ಹಂಚಿಕೆ ಆಗತ್ತೆ. ಎಲ್ಲಾ ನಿರ್ಧಾರನೂ ಮೇಲಿನ ಮೆಟ್ಟಿಲಲ್ಲೇ ಇರ್ಬೇಕಂತಿಲ್ಲ. ಕಾಡ್ಗಿಚ್ಚು ಹತ್ತಿರೋವಾಗ ಸಭೆ ಕರೆಯೋಕಾಗಲ್ಲ, ಅಣೆಕಟ್ಟೆಗೆ ದಿಢೀರ್ ನೀರು ಬಂದಾಗ ಗೇಟ್ ಎತ್ತಲೇಬೇಕು. ನಿಂತಿರೋದು ಎರಡನೇ ಮೆಟ್ಟಿಲಲ್ಲಿ, ಹೇಳೋದು ಆರನೇದು, ಅಲ್ಲೇ ನಂಬಿಕೆ ಮುರಿಯೋದು.

ಅಭ್ಯಾಸದ ಕೊನೆಗೆ ಪ್ರತಿಯೊಬ್ರೂ ಎದ್ದು ನಿಂತು ತಮ್ಮ ಮುಂದಿನ ಸಭೆಯ ಮೊದಲ ನಾಲ್ಕು ವಾಕ್ಯ ಹೇಳ್ಬೇಕು. "ಇದು ಆಗಿ ಹೋಗಿದೆ, ಕಾರಣ ಇದು. ಇದನ್ನ ನಾನು ನಿರ್ಧಾರ ಮಾಡ್ತೀನಿ, ನಿಮ್ಮ ಮಾತು ಕೇಳಿದ್ಮೇಲೆ. ಇದನ್ನ ನಾವೆಲ್ಲಾ ಸೇರಿ ಮಾಡೋಣ. ಇದರ ಬಗ್ಗೆ ಇಂಥ ದಿನ ಉತ್ತರ ತಂದು ಹೇಳ್ತೀನಿ." ಕೇಳೋಕೆ ಸುಲಭ, ಹೇಳೋಕೆ ಹೋದಾಗ ಗಂಟಲು ಕಟ್ಟತ್ತೆ. ಮೂರು ಸಲ ಹೇಳ್ಸಿ.

ಮೂರನೇ ಹೆಜ್ಜೆ: ಕೇಳಿಸ್ಕೊಳ್ಳೋ ಅಭ್ಯಾಸ

ಇಬ್ಬಿಬ್ರು ಕೂತ್ಕೊಳ್ಳಿ, ಒಬ್ರು ಐದು ನಿಮಿಷ ದೂರು ಹೇಳ್ತಾರೆ, ಇನ್ನೊಬ್ರು ಬಾಯಿ ಬಿಡದೆ ಕೇಳಿ, ಆಮೇಲೆ "ನೀವು ಹೇಳಿದ್ದು ಹೀಗೆ, ಸರೀನಾ" ಅಂತ ತಿರುಗಿಸಿ ಹೇಳ್ಬೇಕು. ಹೇಳಿದವ್ರು "ಹೌದು, ಇದೇ" ಅನ್ನೋವರೆಗೂ ಉತ್ತರ ಕೊಡಂಗಿಲ್ಲ. ಅಧಿಕಾರಿಗಳಿಗೆ ಇದು ಕಷ್ಟ, ಯಾಕಂದ್ರೆ ಅವರ ಕೆಲಸನೇ ಉತ್ತರ ಕೊಡೋದು, ದೂರು ಮುಗಿಯೋ ಮುಂಚೆನೇ ನಿಯಮ ಹೇಳೋಕೆ ಶುರು ಮಾಡ್ತಾರೆ.

ಎರಡನೇ ಭಾಗ, ಬೇಡಿಕೆ ಬೇರೆ, ಅದರ ಹಿಂದಿನ ಅಗತ್ಯ ಬೇರೆ ಅಂತ ಬಿಡಿಸೋದು. "ಬೇಲಿ ಕಿತ್ತುಹಾಕಿ" ಅನ್ನೋದು ಬೇಡಿಕೆ. ಯಾಕೆ ಅಂತ ಕೇಳಿದ್ರೆ ದನ ನೀರಿಗೆ ಹೋಗೋ ದಾರಿ ಮುಚ್ಚಿದೆ ಅನ್ನೋದು ಗೊತ್ತಾಗತ್ತೆ. ಬೇಲಿ ತೆಗೀಬೇಕಾ ಬೇಡ್ವಾ ಅಂದ್ರೆ ಎರಡೇ ಉತ್ತರ, ದನಕ್ಕೆ ನೀರು ಹೇಗೆ ಅಂದ್ರೆ ಐದಾರು ಉತ್ತರ ಸಿಗತ್ತೆ. ಇಲಾಖೆಗೂ ಹಾಗೇ ಮಾಡ್ಸಿ, "ಮೇಯಿಸೋದು ನಿಷೇಧ" ಅನ್ನೋದರ ಹಿಂದೆ ಇರೋ ಅಗತ್ಯ ಸಸಿ ಎರಡು ವರ್ಷ ಬದುಕಬೇಕು ಅನ್ನೋದು ಮಾತ್ರ ಆಗಿರಬಹುದು.

ನಾಲ್ಕನೇ ಹೆಜ್ಜೆ: ಒಂದು ಪೂರ್ತಿ ದಿನ ರೋಲ್ ಪ್ಲೇ

ಕೆಲವ್ರು ಇದನ್ನ ನಾಟಕ ಅಂತ ಅರ್ಧ ಗಂಟೆಯಲ್ಲಿ ಮುಗಿಸ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಅಧಿಕಾರಿಗಳು ತಪ್ಪು ಮಾಡೋಕೆ ಸಿಗೋ ಒಂದೇ ಸುರಕ್ಷಿತ ಜಾಗ ಇದು.

ಒಂದು ಕೆರೆ ತಗೊಳ್ಳಿ. ಹೂಳು ತುಂಬಿದೆ, ನೀರು ಕಮ್ಮಿ. ಪಾತ್ರಗಳು: ಕಾಲುವೆ ಮೊದಲಿನ ರೈತರು, ಕಾಲುವೆ ಕೊನೆಯ ರೈತರು, ಮೀನು ಹಿಡಿಯೋರು, ಬೇಸಿಗೆಯಲ್ಲಿ ಮಾತ್ರ ಬರೋ ಕುರಿ ಮೇಯಿಸೋರು, ಕುಡಿಯೋ ನೀರು ಹೊರೋ ಹೆಂಗಸರು, ಪಕ್ಷಿ ಉಳಿಸ್ಬೇಕು ಅನ್ನೋ ಗುಂಪು, ಇಲಾಖೆ. ಪ್ರತಿ ಪಾತ್ರಕ್ಕೂ ಒಂದು ಚೀಟಿ, ಅದರಲ್ಲಿ ಎಲ್ಲರ ಮುಂದೆ ಹೇಳೋ ಮಾತು ಒಂದು, ಯಾರಾದ್ರೂ ಸರಿಯಾಗಿ ಕೇಳಿದ್ರೆ ಮಾತ್ರ ಹೇಳೋ ಗುಟ್ಟು ಒಂದು. ಕೊನೆಯ ರೈತರ ಗುಟ್ಟು, ಅವ್ರು ಆಗ್ಲೇ ಬೆಳೆ ಬದಲಾಯಿಸಿದ್ದಾರೆ, ಅವರಿಗೆ ನೀರು ಹೆಚ್ಚು ಬೇಡ, ಯಾವ ದಿನ ಬರತ್ತೆ ಅಂತ ಖಚಿತ ಆದ್ರೆ ಸಾಕು. ಮೀನಿನವರ ಗುಟ್ಟು, ಹೂಳು ತೆಗೆಯೋದಕ್ಕೆ ವಿರೋಧ ಇಲ್ಲ, ಮರಿ ಬಿಟ್ಟ ಮೇಲೆ ತೆಗೆದ್ರೆ ಸಾಲ ಮೈಮೇಲೆ ಬೀಳತ್ತೆ.

ಕುರಿ ಮೇಯಿಸೋರ ಪಾತ್ರದವ್ರಿಗೆ ಒಂದೇ ಸೂಚನೆ ಕೊಡಿ: ಯಾರಾದ್ರೂ ಹೆಸರು ಹಿಡಿದು ಕೇಳೋವರೆಗೂ ಮಾತಾಡ್ಬೇಡಿ. ಹೆಚ್ಚಿನ ಬ್ಯಾಚುಗಳಲ್ಲಿ ಇಡೀ ಸಭೆ ಮುಗಿದ್ರೂ ಅವರನ್ನ ಯಾರೂ ಕೇಳಿರಲ್ಲ. ಆಮೇಲೆ ಚರ್ಚೆಗೆ ಕೂತಾಗ ಅವ್ರು ಎದ್ದು ತಮ್ಮ ಚೀಟಿ ಓದ್ತಾರೆ, ಕೆರೆ ಒಣಗಿದ ವರ್ಷ ನಾವು ಇದೇ ದಾರಿಯಲ್ಲಿ ಬಂದ್ರೆ ಕುರಿ ಸಾಯತ್ತೆ ಅಂತ. ರೂಮು ತಣ್ಣಗಾಗಿಬಿಡತ್ತೆ. ಸಭೆಗೆ ಬರದೇ ಇದ್ದವ್ರು, ಬಂದೂ ಸುಮ್ಮನಿದ್ದವ್ರು ಯಾರು ಅಂತ ಹುಡುಕೋದು ಅಧಿಕಾರಿಯ ಕೆಲಸ ಅನ್ನೋದನ್ನ ಹತ್ತು ಸ್ಲೈಡ್ ಹಾಕಿ ಹೇಳಿದ್ರೂ ಹೀಗೆ ನಾಟಲ್ಲ.

ಹೆಂಗಸರ ವಿಷ್ಯನೂ ಇಲ್ಲೇ ಎತ್ತಿ. ಭಾರತ, ನೇಪಾಳದ ಅರಣ್ಯ ಸಮಿತಿಗಳ ಮೇಲೆ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಮಾಡಿದ ಅಧ್ಯಯನದಲ್ಲಿ, ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರು ಕಾಲು ಭಾಗದಿಂದ ಮೂರನೇ ಒಂದು ಭಾಗ ಆದಾಗ ಅವ್ರು ಬಾಯಿಬಿಟ್ಟು ಮಾತಾಡೋದು, ಹುದ್ದೆ ಹಿಡಿಯೋದು ಸ್ಪಷ್ಟವಾಗಿ ಜಾಸ್ತಿ ಆಗತ್ತೆ ಅಂತ ಕಂಡುಬಂತು. ಒಬ್ಬಿಬ್ಬರನ್ನ ಹೆಸರಿಗೆ ಹಾಕ್ಕೊಂಡ್ರೆ ಅವ್ರು ಸುಮ್ನೆ ಕೂತಿರ್ತಾರೆ, ತಪ್ಪು ಅವರದ್ದಲ್ಲ.

ಮಧ್ಯಾಹ್ನ ಪಾತ್ರ ಬದಲಾಯಿಸಿ ಮತ್ತೆ ಆಡ್ಸಿ. ಹಿರಿಯ ಅಧಿಕಾರಿಗೆ ನೀರು ಹೊರೋ ಹೆಂಗಸಿನ ಪಾತ್ರ, ಗಾರ್ಡಿಗೆ ಇಲಾಖೆ ಪಾತ್ರ. ಜನರ ಕಡೆಯಿಂದ ಬಂದಿರೋ ಟ್ರೈನರ್‌ಗಳು ಇದನ್ನ ನೋಡಿ "ಸಾರ್, ನಾವು ಹಾಗೆ ಮಾತಾಡಲ್ಲ, ಹಾಗೆ ಮಾತಾಡಿದ್ರೆ ನಮ್ಮನ್ನ ಒಳಗೇ ಬಿಡಲ್ಲ" ಅಂತ ತಿದ್ದೋಕೆ ಶುರು ಮಾಡ್ತಾರೆ. ಅದನ್ನ ತಡೀಬೇಡಿ.

ಐದನೇ ಹೆಜ್ಜೆ: ಫೀಲ್ಡಲ್ಲಿ ಒಂದು ದಿನ

ಜನರಿಗೆ ಮೊದ್ಲೇ ನೇರವಾಗಿ ಹೇಳಿ, ಇವ್ರು ಕಲಿಯೋಕೆ ಬರ್ತಿದ್ದಾರೆ, ಸ್ಕೀಮ್ ತರ್ತಿಲ್ಲ. ಇಲ್ಲಾಂದ್ರೆ ಅರ್ಜಿ ಬರೆದಿಟ್ಟುಕೊಂಡು ಕಾಯ್ತಾ ಕೂತಿರ್ತಾರೆ, ಅದು ಮೋಸ. ಗಾಡಿ ದೂರದಲ್ಲೇ ನಿಲ್ಸಿ, ಯೂನಿಫಾರಂ ಬೇಡ, ನೆರಳಲ್ಲಿ ಕುರ್ಚಿ ಹಾಕ್ಸೋದು ಬೇಡ.

ಕೂತು ಮಾತಾಡೋದಕ್ಕಿಂತ ನಡೀತಾ ಮಾತಾಡೋದು ಒಳ್ಳೇದು. ಎತ್ತರದ ಜಾಗದಿಂದ ತಗ್ಗಿನವರೆಗೆ ಊರವರೇ ಮುಂದೆ ನಡೀಲಿ, ಅಧಿಕಾರಿಗಳು ಹಿಂದೆ. ಆಮೇಲೆ ನೆಲದ ಮೇಲೆ ಊರವರ ಕೈಲೇ ನಕ್ಷೆ ಬರೆಸಿ, ಕಡ್ಡಿ, ಕಲ್ಲು, ಎಲೆ ಏನು ಸಿಗತ್ತೋ ಅದರಲ್ಲಿ. ಕಡ್ಡಿ ಯಾರ ಕೈಲಿದೆ ಅನ್ನೋದು ಮುಖ್ಯ, ಅಧಿಕಾರಿ ಕಡ್ಡಿ ತಗೊಂಡ ತಕ್ಷಣ ಊರವ್ರು ಎದ್ದು ಹಿಂದೆ ಸರೀತಾರೆ, ನೋಡ್ತಾ ಇರಿ. ಗಂಡಸರು, ಹೆಂಗಸರು ಬೇರೆ ಬೇರೆ ನಕ್ಷೆ ಬರೀಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ಜಾಗನ ಇಬ್ರೂ ಎಷ್ಟು ಬೇರೆ ಥರ ಬಳಸ್ತಾರೆ ಅಂತ ಗೊತ್ತಾಗತ್ತೆ. 12 ತಿಂಗಳ ಕ್ಯಾಲೆಂಡರ್ ಒಂದು ಮಾಡ್ಸಿ, ಯಾವ ತಿಂಗಳು ಏನು ಸಿಗತ್ತೆ, ಯಾವಾಗ ಕೈ ಖಾಲಿ, ಯಾವಾಗ ಕೆಲಸ ಜಾಸ್ತಿ. ಇಲಾಖೆ ನಿಷೇಧ ಹಾಕಿರೋ ತಿಂಗಳು ಜನರ ಕೈ ಪೂರ್ತಿ ಖಾಲಿ ಇರೋ ತಿಂಗಳೇ ಆಗಿರತ್ತೆ ಎಷ್ಟೋ ಸಲ.

ವಾಪಸ್ ಬರೋ ಮುಂಚೆ ನಕ್ಷೆದು ಒಂದು ಪ್ರತಿ ಊರಿಗೆ ಕೊಟ್ಟು ಬನ್ನಿ.

ಆರನೇ ಹೆಜ್ಜೆ: ಒಪ್ಪದೇ ಇರೋದನ್ನೂ ಬರೆಯೋದು, ಆಮೇಲೆ ಒಪ್ಪಂದ

ಲೆಕ್ಕದ ಮೇಲೆ ಜಗಳ ಬಂದಾಗ, ಉದಾಹರಣೆಗೆ ಮೀನು ಕಮ್ಮಿ ಆಗಿದೆಯಾ ಇಲ್ವಾ, ಇಲಾಖೆ ತನ್ನ ಡೇಟಾ ಓದಿ ಹೇಳಿದ್ರೆ ಯಾರೂ ನಂಬಲ್ಲ. ಏನನ್ನ ಅಳೀಬೇಕು, ಯಾರು, ಎಲ್ಲಿ, ಯಾವಾಗ ಅಂತ ಅಳೆಯೋ ಮುಂಚೆನೇ ಎರಡೂ ಕಡೆ ಕೂತು ಒಪ್ಕೊಂಡು ಒಟ್ಟಿಗೇ ಅಳೀಬೇಕು. ನಂಬರ್ ಸಣ್ಣದಾದ್ರೂ ಪರವಾಗಿಲ್ಲ, ಇಬ್ಬರದ್ದೂ ಆಗಿರತ್ತೆ.

ಮೂಲದಲ್ಲೇ ಭಿನ್ನಾಭಿಪ್ರಾಯ ಇದ್ರೂ ಕೆಲಸ ಶುರು ಮಾಡಬಹುದು ಅನ್ನೋದಕ್ಕೆ ಕೆನಡಾದ ಗ್ವಾಯ್ ಹಾನಸ್ ಅನ್ನೋ ದ್ವೀಪಗಳ ಒಪ್ಪಂದ ತೋರ್ಸಿ. 1993ರಲ್ಲಿ ಕೆನಡಾ ಸರ್ಕಾರ ಮತ್ತೆ ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರ ಮಂಡಳಿ ಸಹಿ ಮಾಡಿದ ಪತ್ರ ಅದು. ಈ ನೆಲ ಯಾರದ್ದು ಅನ್ನೋದರ ಬಗ್ಗೆ ಇಬ್ಬರ ನಿಲುವೂ ಬೇರೆ, ಅದನ್ನ ಮುಚ್ಚಿಡದೆ ಎರಡನ್ನೂ ಅದೇ ಪತ್ರದಲ್ಲಿ ಅಕ್ಕಪಕ್ಕ ಬರೆದು, ನೆಲ ಉಳಿಸ್ಬೇಕು ಅನ್ನೋದರಲ್ಲಿ ಇಬ್ರೂ ಒಂದೇ ಅಂತ ಹೇಳಿ, ಸಮಾನ ಸಂಖ್ಯೆಯ ಸದಸ್ಯರ ಮಂಡಳಿ ಮಾಡ್ಕೊಂಡ್ರು. ಅಧಿಕಾರಿಗಳು ಇದನ್ನ ನೋಡಿ ಆಶ್ಚರ್ಯ ಪಡ್ತಾರೆ, ಸರ್ಕಾರಿ ಕಾಗದದಲ್ಲಿ ಹೀಗೂ ಬರೀಬಹುದಾ ಅಂತ.

ಒಪ್ಪಂದ ಬರೆಯೋ ಅಭ್ಯಾಸಕ್ಕೆ ಎರಡು ಗಂಟೆ ಕೊಡಿ. ಯಾರ್ಯಾರಿಗೆ ಹಕ್ಕಿದೆ, ಗಡಿ ಎಲ್ಲಿ, ಎಷ್ಟು ಯಾವಾಗ ತಗೋಬಹುದು, ಯಾರು ಕಾಯ್ತಾರೆ, ಖರ್ಚು ಯಾರದ್ದು, ತಪ್ಪು ಮಾಡಿದ್ರೆ ಮೊದಲ ಸಲ ಎಚ್ಚರಿಕೆ ಆಮೇಲೆ ಸಣ್ಣ ದಂಡ ಹೀಗೆ ಏರ್ತಾ ಹೋಗೋದು, ಜಗಳ ಆದ್ರೆ ಎಲ್ಲಿ ಕೂರೋದು, ಯಾವ ದಿನ ಮತ್ತೆ ಪರಿಶೀಲನೆ. ಆಸ್ಟ್ರಂ ಸೂತ್ರಗಳು ಇಲ್ಲಿ ತಾವಾಗೇ ಬರ್ತಾವೆ. ಪರಿಶೀಲನೆ ದಿನಾಂಕ ಇಲ್ಲದ ಒಪ್ಪಂದಕ್ಕೆ ಸಹಿ ಹಾಕ್ಬೇಡಿ ಅಂತ ಖಡಾಖಂಡಿತವಾಗಿ ಹೇಳಿ, ಮಳೆ ಬದಲಾಗತ್ತೆ, ಮೀನು ಬದಲಾಗತ್ತೆ, ನಿಯಮ ಕೂತಲ್ಲೇ ಕೂತಿದ್ರೆ ಆಗಲ್ಲ.

ಒಂದು ವಿಷ್ಯ ಯಾರೂ ಕಲಿಸಲ್ಲ, ನನಗೆ ಅದರ ಬಗ್ಗೆ ತುಂಬಾ ಕಾಳಜಿ ಇದೆ: ವರ್ಗಾವಣೆ. ಅಧಿಕಾರಿ ಎರಡು ಮೂರು ವರ್ಷಕ್ಕೆ ಹೊರಟುಹೋಗ್ತಾರೆ, ಹೊಸಬ್ರು ಬಂದು "ನನಗೆ ಗೊತ್ತಿಲ್ಲ" ಅಂತಾರೆ, ಊರವ್ರು ಮತ್ತೆ ಮೊದಲಿಂದ ಶುರು ಮಾಡ್ಬೇಕು. ಹಾಗಾಗಿ ಎರಡು ಪುಟದ ಹಸ್ತಾಂತರ ಪತ್ರ ಬರೆಯೋದು ಕಲಿಸಿ, ಯಾರಿಗೆ ಏನು ಮಾತು ಕೊಟ್ಟಿದ್ದೀನಿ, ಯಾವುದು ಬಾಕಿ, ಯಾರನ್ನ ಮೊದ್ಲು ಹೋಗಿ ಮಾತಾಡಿಸ್ಬೇಕು ಅಂತ. ಸಾಧ್ಯ ಆದ್ರೆ ಹಳಬರು ಹೊಸಬರನ್ನ ಕರ್ಕೊಂಡು ಹೋಗಿ ಊರವರ ಮುಂದೆನೇ ಅದನ್ನ ಓದ್ಬೇಕು, ಒಂದು ಪ್ರತಿ ಊರಲ್ಲಿ ಇರ್ಬೇಕು.

ಕೊನೆಯ ಅರ್ಧ ದಿನ: ಮೇಲಿನವರನ್ನ ಕೂರಿಸಿ

ಸಮಾರೋಪ ಭಾಷಣಕ್ಕೆ ಕರೀಬೇಡಿ, ಹಾಳೆ ನೋಡೋಕೆ ಕರೀರಿ. ಪ್ರತಿ ತಂಡ ತನ್ನ ಮೂರು ಕಾಲಂ ತೋರ್ಸಿ "ಇವನ್ನ ನಾವು ಜನರ ಜೊತೆ ಕೂತು ನಿರ್ಧಾರ ಮಾಡ್ತೀವಿ, ಇದಕ್ಕೆ ನಿಮ್ಮ ಬೆಂಬಲ ಬೇಕು" ಅಂತ ಕೇಳ್ಬೇಕು, ಮೇಲಿನವ್ರು ಅಲ್ಲೇ ಹೌದು ಅಥವಾ ಇಲ್ಲ ಹೇಳ್ಬೇಕು, ಅದು ಬರವಣಿಗೆಯಲ್ಲಿ ಆಗ್ಬೇಕು. ಶುರುವಲ್ಲಿ ಹೇಳಿದ ಆಡಿಟ್ ಭಯಕ್ಕೆ ಉತ್ತರ ಇದೇ. ಟಾರ್ಗೆಟ್ ಬಗ್ಗೆನೂ ಅವಾಗ್ಲೇ ಮಾತಾಡಿ, ಎಷ್ಟು ಸಸಿ ನೆಟ್ರಿ ಅಂತ ಮಾತ್ರ ಎಣಿಸೋ ಇಲಾಖೆಯಲ್ಲಿ ಆರು ತಿಂಗಳು ಜನರ ಜೊತೆ ಕೂತ ಅಧಿಕಾರಿ ಸೋಮಾರಿ ಥರ ಕಾಣ್ತಾರೆ.

ಟ್ರೈನಿಂಗ್ ಆದ್ಮೇಲೆ

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಟ್ರೈನಿಂಗ್ ಅಳೆಯೋಕೆ ನಾಲ್ಕು ಹಂತ ಹೇಳಿದ್ರು: ಇಷ್ಟ ಆಯ್ತಾ, ಕಲ್ತ್ರಾ, ನಡವಳಿಕೆ ಬದಲಾಯ್ತಾ, ಫಲ ಸಿಕ್ತಾ. ನಮ್ಮ ಫೀಡ್‌ಬ್ಯಾಕ್ ಫಾರಂ ಮೊದಲನೇದನ್ನ ಮಾತ್ರ ಅಳೆಯತ್ತೆ. ಮೂರನೇದಕ್ಕೆ ಹೋಗ್ಬೇಕು ಅಂದ್ರೆ ನೀವು ಅವರ ಹಿಂದೆ ಹೋಗ್ಬೇಕು.

ತಿಂಗಳೊಳಗೆ ಪ್ರತಿಯೊಬ್ರೂ ಒಂದು ಸಭೆ ನಡೆಸ್ಬೇಕು, ಅದಕ್ಕೆ ನೀವು ಅಥವಾ ನಿಮ್ಮ ತಂಡದವ್ರು ಹೋಗಿ ಹಿಂದೆ ಕೂತು ನೋಡ್ಬೇಕು, ಮಧ್ಯೆ ಬಾಯಿ ಹಾಕ್ಬಾರ್ದು, ಮುಗಿದ್ಮೇಲೆ ಇಬ್ರೇ ಕೂತು ಅರ್ಧ ಗಂಟೆ ಮಾತಾಡಿ. ಮೊದಲ ಸಭೆ ಕೆಡೋದು ಮಾಮೂಲು, ಆವಾಗ ಪಕ್ಕದಲ್ಲಿ ಒಬ್ರು ಇದ್ರೆ ಎರಡನೇ ಸಭೆ ಕರೀತಾರೆ, ಇಲ್ಲದಿದ್ರೆ ಬಿಟ್ಟುಬಿಡ್ತಾರೆ. ಮೂರನೇ ತಿಂಗಳು ಬ್ಯಾಚಿನವರೆಲ್ಲಾ ಒಂದು ದಿನ ಸೇರಿ ಎಲ್ಲಿ ಸಿಕ್ಕಿಹಾಕ್ಕೊಂಡ್ವಿ ಅಂತ ಹಂಚ್ಕೊಳ್ಳಿ.

ಆರನೇ ತಿಂಗಳು ಅಧಿಕಾರಿ ಇಲ್ಲದೇ ಇರೋವಾಗ ಊರಿಗೆ ಹೋಗಿ, ಗಂಡಸರ ಗುಂಪು ಹೆಂಗಸರ ಗುಂಪು ಬೇರೆ ಬೇರೆ ಕೂರಿಸಿ, ಸಭೆಗೆ ಬರದೇ ಇದ್ದವರ ಮನೆಗೂ ಹೋಗಿ ಮೂರು ಪ್ರಶ್ನೆ ಕೇಳಿ. ಕಳೆದ ಸಭೆಯಲ್ಲಿ ಯಾವುದು ಇನ್ನೂ ನಿರ್ಧಾರ ಆಗಿಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ? ನೀವು ಹೇಳಿದ್ರಿಂದ ಬದಲಾಗಿದ್ದು ಒಂದಾದ್ರೂ ಇದ್ರೆ ಯಾವುದು? ಉತ್ತರ ತರ್ತೀನಿ ಅಂದ ದಿನ ಅವ್ರು ಬಂದ್ರಾ? ಬಂದ ಉತ್ತರಗಳನ್ನ ಇಲಾಖೆಗೆ ರಿಪೋರ್ಟ್ ಅಂತ ಕಳಿಸೋ ಮುಂಚೆ ಆ ಅಧಿಕಾರಿ ಹತ್ರನೇ ತಗೊಂಡು ಹೋಗಿ, ಅವರ ಹಳೇ ಮೂರು ಕಾಲಂ ಹಾಳೆ ಮೇಜಿನ ಮೇಲೆ ಹರಡಿ, ಯಾವ ಸಾಲು ಯಾವ ಕಾಲಂಗೆ ಸರಿದಿದೆ ಅಂತ ಅವರ ಕೈಲೇ ಪೆನ್ಸಿಲ್ ಕೊಟ್ಟು ಗುರುತು ಹಾಕ್ಸಿ.